ಹರಿಹರ–ದಾವಣಗೆರೆ ನಡುವೆ ವಿದೇಶಿ ಸಹಭಾಗಿತ್ವದ ತಾಂತ್ರಿಕ ತರಬೇತಿ ಕೇಂದ್ರ: ಸಹಿ ಹಾಕುವ ಮೊದಲು ಏನೇನು ಗಟ್ಟಿ ಮಾಡ್ಕೋಬೇಕು?

ಹರಿಹರ_ಲೇತ್

ಹೆದ್ದಾರಿಗೆ ಹತ್ತಿರ 3 ಎಕರೆ ಜಾಗ ಇರುವ ಒಂದು ಟ್ರಸ್ಟ್, ಜರ್ಮನಿಯ ಒಂದು ವೃತ್ತಿ ತರಬೇತಿ ಸಂಸ್ಥೆಯ ಜೊತೆ ಮಾತುಕತೆಯಲ್ಲಿದೆ. ಅವರ ಕಡೆಯಿಂದ ಪಠ್ಯಕ್ರಮ, ತರಬೇತುದಾರರಿಗೆ ತರಬೇತಿ, ಪರೀಕ್ಷೆ, ಜೊತೆಗೆ ಅಲ್ಲಿ ಬಳಸಿದ 4 ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ. ನಮ್ಮ ಕಡೆಯಿಂದ ಕಟ್ಟಡ, ಕರೆಂಟು, ಸಂಬಳ, ದಿನದ ಖರ್ಚು. ವರ್ಷಕ್ಕೆ 60 ಮಕ್ಕಳು, ಮೂರು ಟ್ರೇಡ್: ಸಿಎನ್‌ಸಿ ಮೆಷಿನಿಂಗ್, ವೆಲ್ಡಿಂಗ್, ಎಲೆಕ್ಟ್ರಿಕಲ್ ಮೇಂಟೆನೆನ್ಸ್. ಎಂಒಯು (ತಿಳಿವಳಿಕೆ ಒಪ್ಪಂದ) ಕರಡು ಎರಡೂವರೆ ಪುಟ ಇದೆ, ಅದರಲ್ಲಿ ಒಂದೂವರೆ ಪುಟ ಉಭಯ ದೇಶಗಳ ಸ್ನೇಹದ ಬಗ್ಗೆ.

ಕೆಲಸ ಗೊತ್ತಿರೋರು ದಯವಿಟ್ಟು ಬರೀರಿ. ಎಲ್ಲಿ ಎಡವುತ್ತಾರೆ, ಯಾವುದಕ್ಕೆ ಎಷ್ಟು ಬೇಕು, ಯಾವುದು ಮೊದಲು?

ಟೂಲ್‌ರೂಮ್_ಮೇಷ್ಟ್ರು

ಯಂತ್ರದ ಪಟ್ಟಿ ಕೊನೆಗೆ ಬರಬೇಕಾದ್ದು, ನಿಮ್ಮಲ್ಲಿ ಮೊದಲೇ ಬಂದು ಕೂತಿದೆ. ವಿದೇಶಿ ಸಹಭಾಗಿಯಿಂದ ನಾವು ನಿಜವಾಗಿ ಪಡೆಯಬೇಕಾದ್ದು ಮೂರೇ: ಕೆಲಸ ಕಲಿಸುವ ಕ್ರಮ, ಪರೀಕ್ಷೆಯ ಕಟ್ಟುನಿಟ್ಟು, ಕಲಿಸುವವರ ಕೈ. ಯಂತ್ರ ಬೆಂಗಳೂರು, ರಾಜ್‌ಕೋಟ್‌ನಲ್ಲೂ ಸಿಗುತ್ತೆ.

ನಮ್ಮ ಕಡೆ ಉಳಿದುಕೊಂಡ ಸಂಸ್ಥೆಗಳನ್ನು ನೋಡಿ. ಎನ್‌ಟಿಟಿಎಫ್ (ನೆಟ್ಟೂರು ತಾಂತ್ರಿಕ ತರಬೇತಿ ಪ್ರತಿಷ್ಠಾನ) 1959ರಲ್ಲಿ ಕೇರಳದ ತಲಶ್ಶೇರಿ ಪಕ್ಕದ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಶುರುವಾಯಿತು. ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) 1972ರಲ್ಲಿ ಬೆಂಗಳೂರಿನಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಶುರುವಾಯಿತು, ಇವತ್ತು ಹರಿಹರದಲ್ಲೇ ಅದರ ಕೇಂದ್ರ ಇದೆ. ಡೇನರು ಹೋದ ಮೇಲೂ ಅದು ನಿಂತಿದ್ದಕ್ಕೆ ಮುಖ್ಯ ಕಾರಣ, ಮೊದಲಿಂದಲೂ ತರಬೇತಿಯ ಜೊತೆ ಉತ್ಪಾದನೆ ಇಟ್ಟುಕೊಂಡಿದ್ದು. ಡೈ, ಮೋಲ್ಡ್, ಜಾಬ್‌ವರ್ಕ್ ಹೊರಗಿನಿಂದ ಬರುತ್ತೆ, ಮಕ್ಕಳು ನಿಜವಾದ ಡ್ರಾಯಿಂಗ್, ನಿಜವಾದ ಗಡುವಿನ ಮೇಲೆ ಕೆಲಸ ಮಾಡುತ್ತಾರೆ, ಆ ದುಡ್ಡು ಟೂಲಿಗೆ, ಸಂಬಳಕ್ಕೆ ಆಗುತ್ತೆ. ನಿಮ್ಮ ಯೋಜನೆಯಲ್ಲಿ 4ನೇ ವರ್ಷದ ಆದಾಯ ಎಲ್ಲಿಂದ ಅನ್ನೋದಕ್ಕೆ ಒಂದು ಸಾಲೂ ಕಾಣಲಿಲ್ಲ.

ಇನ್ನು ಟ್ರೇಡ್ ಆಯ್ಕೆ. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹರಿಹರದಲ್ಲಿ ಲೇತ್ ಮಾಡಲು ಶುರು ಮಾಡಿದ ಕಂಪನಿ. ಅದು ಇದ್ದ ಕಾಲದಲ್ಲಿ ಮೆಷಿನಿಸ್ಟ್ ಕೇಳುವ ಊರು ಇದು. ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಈಗ ಸುತ್ತ ಏನಿದೆ? ತುಂಗಭದ್ರೆಯ ಆಚೆ ದಡದಲ್ಲಿ ಕುಮಾರಪಟ್ಟಣದ ಫೈಬರ್ ಕಾರ್ಖಾನೆ, ಕುಕ್ಕವಾಡ ಮತ್ತು ದುಗ್ಗಾವತಿ ಕಡೆ ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ, ಮೆಕ್ಕೆಜೋಳದ ಘಟಕ, ಮಂಡಕ್ಕಿ ಭಟ್ಟಿ. ಇವರಿಗೆ ಬೇಕಾದ್ದು ಸಿಎನ್‌ಸಿ ಆಪರೇಟರ್ ಅಲ್ಲ. ಬೇರಿಂಗ್ ಬದಲಿಸುವವನು, ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವವನು, ಕಪ್ಲಿಂಗ್ (ಎರಡು ಶಾಫ್ಟ್ ಸೇರಿಸುವ ಜೋಡಣೆ) ಒಂದೇ ಗೆರೆಗೆ ಅಲೈನ್ ಮಾಡುವವನು, ಪಿಎಲ್‌ಸಿಗೆ (ಯಂತ್ರ ನಡೆಸುವ ಸಣ್ಣ ಕಂಪ್ಯೂಟರ್) ಇನ್‌ಪುಟ್ ಯಾಕೆ ಬರುತ್ತಿಲ್ಲ ಅಂತ ಹುಡುಕುವವನು. ಜರ್ಮನ್ ಪಟ್ಟಿಯಲ್ಲಿ ಇದಕ್ಕೆ ಸರಿಹೊಂದುವ ಟ್ರೇಡ್ 'ಇಂಡಸ್ಟ್ರೀಮೆಕಾನಿಕರ್', ಮೂರೂವರೆ ವರ್ಷದ್ದು. ಅದನ್ನು ಕೇಳಿ.

ಮೇಂಟೆನೆನ್ಸ್ ಲ್ಯಾಬ್ ಅಗ್ಗವೂ ಹೌದು. ಒಂದು ಅಲೈನ್‌ಮೆಂಟ್ ರಿಗ್ ಅಂದರೆ 3.7 ಕಿಲೋವ್ಯಾಟ್ ಮೋಟಾರು, ಒಂದು ಹಳೇ ಪಂಪು, ಎರಡನ್ನೂ ಹೊರುವ ಮೆಷಿನ್ ಮಾಡಿದ ಬೇಸ್ ಪ್ಲೇಟು, ಜಾಕ್ ಬೋಲ್ಟು, ಎರಡು ಡಯಲ್ ಗೇಜು, 0.05, 0.1, 0.2, 0.5 ಮಿಮೀ ಶಿಮ್ (ಕಾಲಿನ ಕೆಳಗೆ ಇಡುವ ತೆಳು ತಗಡು). ಮೊದಲ ಪಾಠ ಸಾಫ್ಟ್ ಫುಟ್, ಅಂದರೆ ಬೇಸ್ ಮೇಲೆ ಸರಿಯಾಗಿ ಕೂರದ ಕಾಲು: ಮೋಟಾರಿನ ನಾಲ್ಕು ಬೋಲ್ಟ್ ಬಿಗಿ ಮಾಡಿ, ಕಾಲಿನ ಮೇಲೆ ಡಯಲ್ ಇಟ್ಟು ಒಂದೊಂದೇ ಬೋಲ್ಟ್ ಸಡಿಲಿಸುವುದು. ಮುಳ್ಳು 0.05ಕ್ಕಿಂತ ಜಾಸ್ತಿ ಎದ್ದರೆ ಆ ಕಾಲಿನ ಕೆಳಗೆ ಶಿಮ್ ಬೇಕು. ಇದನ್ನು ಬಿಟ್ಟು ನೇರ ಕಪ್ಲಿಂಗಿಗೆ ಕೈ ಹಾಕಿದರೆ ಬೋಲ್ಟ್ ಬಿಗಿದಾಗೆಲ್ಲ ರೀಡಿಂಗ್ ಓಡಾಡುತ್ತೆ, ಹುಡುಗ ಸಂಜೆವರೆಗೂ ಅದರ ಹಿಂದೆ ಓಡುತ್ತಾನೆ. ಬೇರಿಂಗ್‌ಗೆ ಇಂಡಕ್ಷನ್ ಹೀಟರ್ ಒಂದು ಸಾಕು. 110 ಡಿಗ್ರಿಗೆ ನಿಲ್ಲಿಸಬೇಕು, 120 ದಾಟಬಾರದು. ಗ್ಯಾಸ್ ಕಟ್ಟರ್ ಹಿಡಿದು ಬೇರಿಂಗ್ ಕಾಯಿಸುವ ಅಭ್ಯಾಸ ನಮ್ಮ ಕಡೆ ಎಷ್ಟು ಇದೆಯೋ ಎಲ್ಲರಿಗೂ ಗೊತ್ತು. ಅದನ್ನು ಬಿಡಿಸುವುದೇ ಒಂದು ದೊಡ್ಡ ಕೆಲಸ.

ಲೆಕ್ಕ_ಪುಸ್ತಕ

ಕಾನೂನಿನ ಕಡೆ ಹೇಳ್ತೀನಿ, ಇಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳೋದು.

ದಾನ ಅಂದರೆ ದುಡ್ಡು ಮಾತ್ರ ಅಂತ ತಿಳ್ಕೊಂಡಿದ್ದಾರೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ), 2010ರ ಪ್ರಕಾರ ವಸ್ತು ಕೊಟ್ಟರೂ ಅದು ವಿದೇಶಿ ವಂತಿಗೆಯೇ. ಹಾಗಾಗಿ ಪುಕ್ಕಟೆ ಬರುವ 4 ಯಂತ್ರಕ್ಕೂ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಟ್ರಸ್ಟ್‌ಗೆ ಕನಿಷ್ಠ 3 ವರ್ಷ ಆಗಿರಬೇಕು, ಹಿಂದಿನ 3 ಹಣಕಾಸು ವರ್ಷಗಳಲ್ಲಿ ಮೂಲ ಉದ್ದೇಶಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹೊಸ ಟ್ರಸ್ಟ್ ಆದರೆ ಪೂರ್ವಾನುಮತಿಯ ದಾರಿ, ಅರ್ಜಿ ಎಫ್‌ಸಿ-3ಬಿ. ಅದು ಇಂಥ ದಾನಿ, ಇಷ್ಟು ಮೊತ್ತ, ಇಂಥ ಉದ್ದೇಶ ಅಂತ ಕಟ್ಟಿಹಾಕಿದ ಅನುಮತಿ. ದಾನಿಯ ಬದ್ಧತಾ ಪತ್ರ ಮತ್ತು ಯೋಜನಾ ವರದಿ ಎರಡೂ ಒಂದನ್ನೊಂದು ಹೋಲಬೇಕು, ಮೊತ್ತದಲ್ಲಿ ಒಂದು ರೂಪಾಯಿ ವ್ಯತ್ಯಾಸ ಇರಬಾರದು.

ವಿದೇಶದಿಂದ ದುಡ್ಡು ಮೊದಲು ಬಂದು ಬೀಳಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ದಾವಣಗೆರೆ ಶಾಖೆಗೆ ನೇರ ತರಿಸಿಕೊಂಡರೆ ಅದೇ ಉಲ್ಲಂಘನೆ. ಆಡಳಿತ ವೆಚ್ಚ 20 ಶೇಕಡ ಮೀರಬಾರದು. ವರ್ಷಕ್ಕೊಮ್ಮೆ ಎಫ್‌ಸಿ-4 ಲೆಕ್ಕಪತ್ರ ಸಲ್ಲಿಸಬೇಕು, ಡಿಸೆಂಬರ್ 31ರೊಳಗೆ, ಏನೂ ಬರದಿದ್ದ ವರ್ಷವೂ ಕೂಡ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಟ್ರಸ್ಟ್ ಹೆಸರಲ್ಲಿ ಯಂತ್ರ ತರಿಸಿ, ತರಬೇತಿ ಕೇಂದ್ರವನ್ನು ಸೆಕ್ಷನ್ 8 (ಲಾಭಕ್ಕಲ್ಲದ) ಕಂಪನಿ ಅಂತ ಬೇರೆ ಮಾಡಿದರೆ ಆ ಯಂತ್ರವನ್ನು ಕಂಪನಿಗೆ ಕೊಡಲಿಕ್ಕೆ ಬರಲ್ಲ. ಯಾವ ಸಂಸ್ಥೆ ಕೇಂದ್ರ ನಡೆಸುತ್ತೋ ಅದೇ ಸಂಸ್ಥೆ ಮೊದಲ ದಿನದಿಂದ ಒಪ್ಪಂದದಲ್ಲಿರಲಿ.

ಈಗ ಫೀ. ಅವರು ಪಠ್ಯಕ್ರಮಕ್ಕೆ, ತರಬೇತುದಾರರಿಗೆ ಅಂತ ಶುಲ್ಕ ಕೇಳಿರ್ತಾರೆ. 40 ಲಕ್ಷ ಅಂತ ಹಿಡಿಯಿರಿ, ಕರಡಿನಲ್ಲಿ 'ಎಲ್ಲ ತೆರಿಗೆ ಕಳೆದು ಕೈಗೆ ಸಿಗುವ ಮೊತ್ತ' ಅಂತ ಬರೆದಿದ್ದರೆ ಲೆಕ್ಕ ಹೀಗೆ: ಭಾರತ–ಜರ್ಮನಿ ತೆರಿಗೆ ಒಪ್ಪಂದದಲ್ಲಿ ತಾಂತ್ರಿಕ ಸೇವೆಗೆ ಕಡಿತ 10 ಶೇಕಡ. ಅವರ ಕೈಗೆ 40 ಹೋಗಬೇಕಾದರೆ ನೀವು ತೋರಿಸಬೇಕಾದ್ದು 44.44 ಲಕ್ಷ. ಅದರ ಮೇಲೆ ಸೇವಾ ಆಮದಿಗೆ ರಿವರ್ಸ್ ಚಾರ್ಜ್ (ಪಡೆದವರೇ ಕಟ್ಟುವ) ಜಿಎಸ್‌ಟಿ 18 ಶೇಕಡ, ಅಂದರೆ 8 ಲಕ್ಷ. ಒಟ್ಟು 52.44 ಲಕ್ಷ. ಮಾನ್ಯತೆ ಪಡೆದ ವೃತ್ತಿ ಶಿಕ್ಷಣದ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇರೋದರಿಂದ ಆ 8 ಲಕ್ಷ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರಲ್ಲ, ಅದು ಖರ್ಚೇ. ಈ 12 ಲಕ್ಷ ಯಾವ ಬಜೆಟ್ ಹಾಳೆಯಲ್ಲೂ ಇರಲ್ಲ. 'ತೆರಿಗೆ ಸೇರಿದ ಮೊತ್ತ' ಅಂತ ಒಪ್ಪಂದದ ಪದ ಬದಲಿಸಿ. ಅವರ ತೆರಿಗೆ ನಿವಾಸಿ ಪ್ರಮಾಣಪತ್ರ ಮೊದಲೇ ತರಿಸಿಕೊಳ್ಳಿ, ಅದಿಲ್ಲದೆ 10 ಶೇಕಡ ದರವೂ ಸಿಗಲ್ಲ.

ಹರಿಹರ_ಲೇತ್

ಯಂತ್ರ ದಾನ ಅಂದ್ಮೇಲೆ ಕಸ್ಟಮ್ಸ್‌ನಲ್ಲಿ ಸುಂಕ ಇರಲ್ಲ ಅಂತ ಅವರ ಪ್ರತಿನಿಧಿ ಹೇಳ್ತಿದ್ದಾರೆ. ಸರೀನಾ?

ಲೆಕ್ಕ_ಪುಸ್ತಕ

ಇಲ್ಲ. ದಾನ ಅಂದ ಮಾತ್ರಕ್ಕೆ ಬೆಲೆ ಸೊನ್ನೆ ಆಗಲ್ಲ. ಬಳಸಿದ ಯಂತ್ರಕ್ಕೆ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ ಕೇಳ್ತಾರೆ: ತಯಾರಾದ ವರ್ಷ, ಹೊಸದಾಗಿದ್ದಾಗಿನ ಬೆಲೆ, ಈಗಿನ ಸ್ಥಿತಿ, ಉಳಿದ ಆಯಸ್ಸು. ಆ ಬೆಲೆ ಮೇಲೆ ಸುಂಕ. ಮೂಲ ಸುಂಕ 7.5 ಶೇಕಡ ಅಂತ ಹಿಡಿದರೆ, ಅದರ ಮೇಲೆ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್‌ಚಾರ್ಜ್, ಎಲ್ಲ ಸೇರಿಸಿ 108.25ರ ಮೇಲೆ 18 ಶೇಕಡ ಐಜಿಎಸ್‌ಟಿ. ಒಟ್ಟು ಬೆಲೆಯ ಸುಮಾರು 27.7 ಶೇಕಡ. 20 ಲಕ್ಷ ಬೆಲೆ ಕಟ್ಟಿದ ಯಂತ್ರಕ್ಕೆ ಐದೂವರೆ ಲಕ್ಷ. ಇದಕ್ಕೆ ಬಂದರಿನ ಖರ್ಚು, ಲಾರಿ, ಕ್ರೇನು. ಮರದ ಪ್ಯಾಕಿಂಗ್‌ಗೆ ಐಎಸ್‌ಪಿಎಂ-15 (ಮರದ ಕೀಟ ಸಾಯಿಸಿದ್ದಕ್ಕೆ ಹಾಕುವ) ಮುದ್ರೆ ಇರಲೇಬೇಕು, ಇಲ್ಲದಿದ್ದರೆ ಕಂಟೇನರ್ ಬಂದರಿನಲ್ಲೇ ಕೂರುತ್ತೆ, ದಿನದ ಬಾಡಿಗೆ ಏರುತ್ತೆ.

ಕರೆಂಟ್_ದುರ್ಗ

ವಿದ್ಯುತ್ ಮತ್ತು ನೆಲದ ಬಗ್ಗೆ.

ಮೇಲಿನ ಮೂರು ಟ್ರೇಡ್‌ಗೆ ಒರಟು ಲೆಕ್ಕ: 2.2 ಕಿಲೋವ್ಯಾಟಿನ 8 ಲೇತ್, 3.7ರ 3 ಮಿಲ್ಲಿಂಗ್, 20 ಕೆವಿಎಯ 4 ಸಿಎನ್‌ಸಿ, 18 ಕೆವಿಎಯ 6 ಮಿಗ್ ವೆಲ್ಡಿಂಗ್ ಸೆಟ್, 7.5ರ ಕಂಪ್ರೆಸರ್, ದೀಪ-ಫ್ಯಾನು-ಎಸಿ 15. ಜೋಡಿಸಿದ ಲೋಡ್ ಸುಮಾರು 240 ಕೆವಿಎ. ಎಲ್ಲ ಒಟ್ಟಿಗೆ ಓಡಲ್ಲ, ಅರ್ಧ ಹಿಡಿದರೂ 120. ಬೆಸ್ಕಾಂಗೆ ಅರ್ಜಿ ಹಾಕುವಾಗಲೇ ಸ್ವಂತ ಟ್ರಾನ್ಸ್‌ಫಾರ್ಮರ್ ಜಾಗ, 11 ಕೆವಿ ಲೈನಿನ ದೂರ ನೋಡಿಕೊಳ್ಳಿ. ಕಟ್ಟಡ ಮುಗಿದ ಮೇಲೆ ಅರ್ಜಿ ಹಾಕಿದರೆ ಯಂತ್ರ ಬಂದು ಕತ್ತಲಲ್ಲಿ ಕೂರುತ್ತೆ.

ಜರ್ಮನ್ ಯಂತ್ರ 400 ವೋಲ್ಟ್, 50 ಹರ್ಟ್ಜ್. ನಮ್ಮದು 415, ಹೊಂದುತ್ತೆ. ಆದರೆ ರಾತ್ರಿ, ಪಂಪ್‌ಸೆಟ್ ನಿಂತಾಗ ಗ್ರಾಮೀಣ ಫೀಡರಿನಲ್ಲಿ ವೋಲ್ಟೇಜು ಏರುತ್ತೆ, ಸರ್ವೋ ಸ್ಟೆಬಿಲೈಸರ್ ಬೇಕು. ನಾಳೆ ಜಪಾನಿನವರು ಬಂದು ಯಂತ್ರ ಕೊಡ್ತೀನಿ ಅಂದರೆ ಕಥೆ ಬೇರೆ: ಅವರದು 3 ಫೇಸ್ 200 ವೋಲ್ಟ್, ಯಂತ್ರಕ್ಕೊಂದು 415ರಿಂದ 200ರ ಟ್ರಾನ್ಸ್‌ಫಾರ್ಮರ್ ಇಡಬೇಕು. ಅಲ್ಲಿ ಅರ್ಧ ದೇಶ 60 ಹರ್ಟ್ಜ್. ಬರೀ 60 ಹರ್ಟ್ಜ್ ಅಂತ ನೇಮ್‌ಪ್ಲೇಟ್ ಇರುವ ಹೈಡ್ರಾಲಿಕ್ ಅಥವಾ ಕೂಲೆಂಟ್ ಮೋಟಾರನ್ನು ಅದೇ ವೋಲ್ಟೇಜಿನಲ್ಲಿ 50ಕ್ಕೆ ಹಾಕಿದರೆ 1800 ಸುತ್ತಿನದು 1500ಕ್ಕೆ ಇಳಿಯುತ್ತೆ, ಕೋರ್ ಸ್ಯಾಚುರೇಟ್ ಆಗಿ ಕಾಯುತ್ತೆ, ಬೇಸಿಗೆಯಲ್ಲಿ ಸುಡುತ್ತೆ.

ಅರ್ಥಿಂಗ್: ಸಿಎನ್‌ಸಿಗೆ ಪ್ರತ್ಯೇಕ ಅರ್ಥ್, 1 ಓಮ್ ಒಳಗೆ ತನ್ನಿ, ನ್ಯೂಟ್ರಲ್–ಅರ್ಥ್ ನಡುವೆ 2 ವೋಲ್ಟ್ ಮೀರದಿರಲಿ. ದಾವಣಗೆರೆಯ ಎರೆಮಣ್ಣಿನಲ್ಲಿ ಇದು ಸುಲಭ, ತೇವ ಹಿಡಿಯುತ್ತೆ. ಚಿತ್ರದುರ್ಗದ ಕಲ್ಲುನೆಲದಲ್ಲಿ ಒಂದು ಗುಂಡಿ ತೋಡಿ ಉಪ್ಪು-ಇದ್ದಿಲು ಹಾಕಿದರೆ ಬೇಸಿಗೆಯಲ್ಲಿ 8-10 ಓಮ್ ತೋರಿಸುತ್ತೆ. ಅಲ್ಲಿ ಬೋರ್ ಹೊಡೆದು ಆಳಕ್ಕೆ ರಾಡ್ ಇಳಿಸಿ ಬೆಂಟೊನೈಟ್ ತುಂಬಿ, ನಾಲ್ಕೈದು ಗುಂಡಿಗಳನ್ನು ಪಟ್ಟಿಯಿಂದ ಉಂಗುರ ಕಟ್ಟಬೇಕು. ಗುಂಡಿಗಳ ಅಂತರ ರಾಡಿನ ಉದ್ದದ ಎರಡರಷ್ಟಾದರೂ ಇರಲಿ. ಅಳತೆ ಏಪ್ರಿಲ್-ಮೇನಲ್ಲಿ ಮಾಡಿ, ಮಳೆಗಾಲದ ಅಳತೆ ನಂಬಬೇಡಿ.

ಎರೆಮಣ್ಣಿನ ಉಪಕಾರ ಅರ್ಥಿಂಗಿಗೆ ಮಾತ್ರ, ಫೌಂಡೇಶನ್ನಿಗೆ ಅದೇ ಶತ್ರು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬು. ಯಂತ್ರದ ಬ್ಲಾಕ್ ಕೆಳಗಿನ ಎರೆಯನ್ನು ಪೂರ್ತಿ ತೆಗೆದು ಗಟ್ಟಿ ಗರಸಿನವರೆಗೆ ಹೋಗಿ. ಬ್ಲಾಕಿಗೂ ಶೆಡ್ ನೆಲಕ್ಕೂ ನಡುವೆ 20-25 ಮಿಮೀ ಸಂದು ಬಿಟ್ಟು ಬಿಟುಮೆನ್ ಬೋರ್ಡ್ ತುಂಬಿ. 28 ದಿನ ಕ್ಯೂರಿಂಗ್ ಆದಮೇಲೆ ಯಂತ್ರ ಕೂರಿಸಿ, ಲೆವೆಲ್ ಮೀಟರಿಗೆ 0.02 ಮಿಮೀ ಒಳಗೆ ತನ್ನಿ. ಮೊದಲ ಮಳೆಗಾಲ ಕಳೆದ ಮೇಲೆ ಮತ್ತೆ ಲೆವೆಲ್ ನೋಡಲೇಬೇಕು. ಇದನ್ನು ಮರೆತ ಕಡೆ ಲೇತ್ ತುಂಡನ್ನು ಟೇಪರ್ (ಒಂದು ತುದಿ ಸಣ್ಣ) ತಿರುಗಿಸುತ್ತೆ, ಬೈಗುಳ ಹುಡುಗನಿಗೆ.

ಕಿಡಿ_ವೆಲ್ಡರ್

ವೆಲ್ಡಿಂಗ್ ಬಗ್ಗೆ ಯಾರೂ ಹೇಳಿಲ್ಲ. ವೆಲ್ಡಿಂಗ್ ಶಾಲೆ ಸಾಯೋದು ಪ್ಲೇಟ್ ಇಲ್ಲದೆ, ಸೆಟ್ ಇಲ್ಲದೆ ಅಲ್ಲ.

ವಿದೇಶಿ ಪಠ್ಯಕ್ರಮ ಅಂದರೆ ಕೊನೆಗೆ ಐಎಸ್‌ಒ 9606-1 ಅನ್ನೋ ಅಂತರರಾಷ್ಟ್ರೀಯ ವೆಲ್ಡರ್ ಪರೀಕ್ಷೆ. ಅದರ ಬಟ್ ವೆಲ್ಡ್ (ಅಂಚಿಗೆ ಅಂಚು ಸೇರಿಸುವ) ಪ್ಲೇಟ್ ಒಂದೊಂದು ಕನಿಷ್ಠ 125 ಮಿಮೀ ಅಗಲ, 200 ಮಿಮೀ ಉದ್ದ. 10 ಮಿಮೀ ದಪ್ಪ ಹಿಡಿದರೆ ಒಂದು ಪ್ಲೇಟ್ ಹತ್ತಿರ ಹತ್ತಿರ 2 ಕಿಲೋ, ಒಂದು ಜಾಯಿಂಟಿಗೆ 4 ಕಿಲೋ. 20 ಜನ, ದಿನಕ್ಕೆ ತಲಾ 3 ಜಾಯಿಂಟ್: 235 ಕಿಲೋ. ನಾಲ್ಕೂಕಾಲು ದಿನಕ್ಕೆ ಒಂದು ಟನ್ ಉಕ್ಕು. ಎಲೆಕ್ಟ್ರೋಡ್ 3.15 ಮಿಮೀ, 450 ಉದ್ದದ್ದು, ಒಂದೊಂದು ಸುಮಾರು 40 ಗ್ರಾಂ. ತಲಾ 30 ಸುಟ್ಟರೆ ದಿನಕ್ಕೆ 24 ಕಿಲೋ. ಮಿಗ್‌ಗೆ ಆರ್ಗಾನ್ ಮಿಶ್ರಣ ನಿಮಿಷಕ್ಕೆ 15 ಲೀಟರ್, 7 ಘನಮೀಟರಿನ ಸಿಲಿಂಡರ್ ಎಂಟು ಗಂಟೆಗೂ ಕಡಿಮೆ ಆರ್ಕ್ ಸಮಯ ಕೊಡುತ್ತೆ. 6 ಬೂತ್, 6 ಗಂಟೆ, ಅದರಲ್ಲಿ ಮೂರನೇ ಒಂದು ಭಾಗ ಆರ್ಕ್ ಉರಿದರೆ ದಿನಕ್ಕೆ ಒಂದೂವರೆ ಸಿಲಿಂಡರ್.

ಇಷ್ಟು ಹೊಸ ಪ್ಲೇಟ್ ಯಾರಿಂದಲೂ ಕೊಳ್ಳಲಿಕ್ಕೆ ಆಗಲ್ಲ. ದಾರಿ ಇದು: ಮೊದಲ ಎರಡು ತಿಂಗಳು ಬಟ್ ಬೇಡ, ಒಂದೇ ಪ್ಲೇಟಿನ ಎರಡೂ ಮುಖಕ್ಕೆ ಬೀಡ್ ಎಳೆಸಿ, ತುಂಬಿದ ಮೇಲೆ ಅದರ ಮೇಲೇ ಇನ್ನೊಂದು ಪದರ. ಆಮೇಲೆ ಫಿಲೆಟ್ (ಮೂಲೆಯ ವೆಲ್ಡ್). ಬಟ್‌ಗೆ ಬಂದಾಗ ವೆಲ್ಡ್ ಭಾಗ ಬ್ಯಾಂಡ್‌ಸಾದಲ್ಲಿ ಕತ್ತರಿಸಿ ತೆಗೆದು ಉಳಿದ ಅಂಚಿಗೆ ಮತ್ತೆ ಬೆವೆಲ್ (ಓರೆ ಅಂಚು). ಅಗಲ 60ಕ್ಕೆ ಇಳಿಯೋವರೆಗೂ ಅದೇ ಪ್ಲೇಟ್ ಸುತ್ತುತ್ತೆ. ಅದಕ್ಕಿಂತ ಕಿರಿದಾದರೆ ಬೇಗ ಕಾದು ಕೀಹೋಲ್ (ಸಂದಿನ ತಳದಲ್ಲಿ ಕರಗಿ ಆಗುವ ತೂತು) ಹಿಗ್ಗುತ್ತೆ, ಹುಡುಗ ತಪ್ಪು ಕೈ ಕಲಿಯುತ್ತಾನೆ. ಟ್ರೇಲರ್ ಬಾಡಿ, ಶೆಡ್ ಫ್ಯಾಬ್ರಿಕೇಶನ್ ಮಾಡುವವರ ಹತ್ತಿರ ಕತ್ತರಿಸಿ ಉಳಿದ ತುಂಡು ಕಿಲೋ ಲೆಕ್ಕದಲ್ಲಿ ಸಿಗುತ್ತೆ, ವರ್ಷದ ಮಾತುಕತೆ ಮೊದಲೇ ಮಾಡಿ. ಪರೀಕ್ಷೆಗೆ ಮಾತ್ರ ಟೆಸ್ಟ್ ಸರ್ಟಿಫಿಕೇಟ್ ಇರುವ ಹೊಸ ಪ್ಲೇಟ್.

ಇನ್ನೊಂದು ಮಾತು ಮಕ್ಕಳಿಗೂ ಅವರ ತಂದೆತಾಯಿಗೂ ಹೇಳಬೇಕು. 9606 ಪ್ರಮಾಣಪತ್ರ ಜೀವಮಾನದ್ದಲ್ಲ. ಆ ಪ್ರಕ್ರಿಯೆಯಲ್ಲಿ ಕೆಲಸ ಮಾಡ್ತಿದ್ದಾನೆ ಅಂತ 6 ತಿಂಗಳಿಗೊಮ್ಮೆ ಉದ್ಯೋಗದಾತ ಸಹಿ ಹಾಕಬೇಕು. ಅದರಲ್ಲಿರುವ ಒಂದು ವಿಧಾನದಲ್ಲಿ 3 ವರ್ಷಕ್ಕೆ ಮರುಪರೀಕ್ಷೆ. ಕೆಲಸ ಸಿಗದೆ ಮನೇಲಿ ಕೂತ ಹುಡುಗನ ಪತ್ರ ಆರೇ ತಿಂಗಳಲ್ಲಿ ಸಾಯುತ್ತೆ.

ಜೋಗಿಮಟ್ಟಿ_ಗಾಳಿ

ಹರಿಹರದವರು ಬೇಸರ ಮಾಡ್ಕೋಬೇಡಿ, ಇದೇ ಕೇಂದ್ರದ ಒಂದು ಭಾಗ ಚಿತ್ರದುರ್ಗದಲ್ಲಿ ಇರಬೇಕು ಅಂತ ನನ್ನ ವಾದ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರ ನಿಂತಿವೆ, ಹತ್ತುವವರು ಬೇಕು. ಇದಕ್ಕೆ ಜಗತ್ತೆಲ್ಲ ಒಪ್ಪುವ ಒಂದೇ ಅಳತೆ ಇದೆ, ಗ್ಲೋಬಲ್ ವಿಂಡ್ ಆರ್ಗನೈಸೇಶನ್‌ನ ಮೂಲ ಸುರಕ್ಷತಾ ತರಬೇತಿ: ಪ್ರಥಮ ಚಿಕಿತ್ಸೆ, ಭಾರ ಎತ್ತುವ ಕ್ರಮ, ಬೆಂಕಿ, ಎತ್ತರದ ಕೆಲಸ. ಐದನೆಯದು ಸಮುದ್ರದ್ದು, ದುರ್ಗಕ್ಕೆ ಬೇಡ. ಪ್ರಮಾಣಪತ್ರ 24 ತಿಂಗಳಿಗೆ ಮುಗಿಯುತ್ತೆ, ಮತ್ತೆ ರಿಫ್ರೆಶರ್‌ಗೆ ಬರಲೇಬೇಕು. ಅಂದರೆ ಅದೇ ಜನ, ಅದೇ ಕಂಪನಿ ಮತ್ತೆ ಮತ್ತೆ ಶುಲ್ಕ ಕಟ್ಟುತ್ತೆ. ಮೇಷ್ಟ್ರು ಕೇಳಿದ 4ನೇ ವರ್ಷದ ಆದಾಯ ಇಲ್ಲಿದೆ.

ಖರ್ಚು ಎಲ್ಲಿ ಅಂದರೆ ತರಬೇತುದಾರರಲ್ಲಿ. ಎತ್ತರದ ಪ್ರಾಯೋಗಿಕದಲ್ಲಿ ನಾಲ್ವರಿಗೆ ಒಬ್ಬ ತರಬೇತುದಾರ. 12 ಜನರ ತಂಡಕ್ಕೆ ಮೂವರು ಒಟ್ಟಿಗೆ ಬೇಕು. ಇಎನ್ 361 ಹಾರ್ನೆಸ್ (ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ) 12 ಸಾಲದು, 14 ಇಡಿ, ದೊಡ್ಡ ಅಳತೆಯವು ಎರಡಾದರೂ ಇರಲಿ. ಲ್ಯಾನ್‌ಯಾರ್ಡ್, ರೈಲ್ ಗ್ರ್ಯಾಬರ್, ಇಳಿಸುವ ಸಾಧನ ಎಲ್ಲಕ್ಕೂ ಸೀರಿಯಲ್ ನಂಬರಿನ ರಿಜಿಸ್ಟರ್, ವರ್ಷಕ್ಕೊಮ್ಮೆ ಅರ್ಹ ವ್ಯಕ್ತಿಯ ತಪಾಸಣೆ. ಆಡಿಟ್‌ಗೆ ಬಂದವರು ಮೊದಲು ತೆಗೆಸೋದು ಆ ರಿಜಿಸ್ಟರನ್ನೇ. ಅಭ್ಯಾಸದ ಗೋಪುರ ಶೆಡ್ ಒಳಗೆ ಇರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗೆ ಗಾಳಿಗೆ ನಿಲ್ಲಕ್ಕೆ ಆಗಲ್ಲ, ಮೂರು ತಿಂಗಳ ತರಗತಿ ಹೋಗುತ್ತೆ.

ದುಡ್ಡಿನ ಮೂಲವೂ ಇಲ್ಲಿ ಬೇರೆ. ಚಿತ್ರದುರ್ಗ ಗಣಿ ಜಿಲ್ಲೆ. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಲ್ಲಿ ಕೌಶಲ್ಯ ತರಬೇತಿ ಆದ್ಯತೆಯ ಪಟ್ಟಿಯಲ್ಲಿದೆ. ಗಣಿ ಪ್ರದೇಶದ ಪುನಶ್ಚೇತನಕ್ಕೆ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ನಾಲ್ಕಕ್ಕೆ ಪ್ರತ್ಯೇಕ ನಿಧಿ ಇದೆ. ದಾವಣಗೆರೆ ಆ ಪಟ್ಟಿಯಲ್ಲಿಲ್ಲ. ಹೊಳಲ್ಕೆರೆ, ಹೊಸದುರ್ಗದ ಗಣಿ ಹಳ್ಳಿಯ ಮಕ್ಕಳ ಶುಲ್ಕ, ಹಾಸ್ಟೆಲ್‌ಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಪ್ರಸ್ತಾವ ಇಡಬಹುದು.

ಟೂಲ್‌ರೂಮ್_ಮೇಷ್ಟ್ರು

ಗಾಳಿಯವರ ಮಾತು ಒಪ್ತೀನಿ, ಆದರೆ ಮೊದಲ ವರ್ಷ ಎರಡು ಊರು, ಎರಡು ಸಹಭಾಗಿ ಬೇಡ. 60 ಕಿಲೋಮೀಟರಿಗೂ ಹೆಚ್ಚು ಅಂತರದಲ್ಲಿ ಇಬ್ಬರು ಪ್ರಾಂಶುಪಾಲರು, ಎರಡು ಸ್ಟೋರು, ಎರಡು ಆಡಿಟ್. ಒಂದು ಟ್ರೇಡ್, 20 ಮಕ್ಕಳು, ಒಂದು ಪೂರ್ತಿ ಸುತ್ತು ಮುಗಿಸಿ. 60 ಅನ್ನೋ ಸಂಖ್ಯೆಯನ್ನೂ ಇನ್ನೊಮ್ಮೆ ನೋಡಿ. ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಹೆಚ್ಚು ಕೆಲಸಗಾರರಿರುವ ಘಟಕ ತನ್ನ ಬಲದ 2.5ರಿಂದ 15 ಶೇಕಡ ಅಪ್ರೆಂಟಿಸ್ ತೆಗೆದುಕೊಳ್ಳಬೇಕು. ಎಲ್ಲರೂ ಕನಿಷ್ಠಕ್ಕೇ ನಿಂತರೆ 60 ಜನಕ್ಕೆ 2,400 ಕೆಲಸಗಾರರ ಕಾರ್ಖಾನೆ ಬಲ ಬೇಕು. ಅದೂ ಬೇರೆ ಐಟಿಐಗಳಿಂದ ಒಬ್ಬರನ್ನೂ ತೆಗೆದುಕೊಳ್ಳದಿದ್ದರೆ. ಜರ್ಮನ್ ಕ್ರಮದಲ್ಲಿ ವಾರಕ್ಕೆ ಮೂರು-ನಾಲ್ಕು ದಿನ ಕಾರ್ಖಾನೆಯಲ್ಲೇ ಕಲಿಯಬೇಕು. ಕಾರ್ಖಾನೆ ಇಲ್ಲದೆ ಡ್ಯುಯಲ್ (ಶಾಲೆ-ಕಾರ್ಖಾನೆ ಎರಡರಲ್ಲೂ ಕಲಿಕೆ) ಅನ್ನೋ ಪದ ಬೋರ್ಡ್ ಮೇಲೆ ಮಾತ್ರ ಉಳಿಯುತ್ತೆ. ಕಾರ್ಖಾನೆಗಳ ಸಹಿ ಮೊದಲು, ಜರ್ಮನಿಯ ಸಹಿ ಆಮೇಲೆ.

ಪರೀಕ್ಷೆಯ ವಿಚಾರ. ಅವರ ಲೋಹದ ಟ್ರೇಡ್‌ಗಳಲ್ಲಿ ಪರೀಕ್ಷೆ ಎರಡು ಭಾಗ: ಮಧ್ಯದಲ್ಲಿ ಬರುವ ಮೊದಲ ಭಾಗಕ್ಕೆ 40 ಶೇಕಡ, ಕೊನೆಯದಕ್ಕೆ 60. ನಮ್ಮಲ್ಲಿ ಮಧ್ಯದ ಪರೀಕ್ಷೆಯನ್ನು ಹಗುರ ಮಾಡುವ ಅಭ್ಯಾಸ ಇದೆ, ಅದನ್ನು ಬಿಟ್ಟುಕೊಡಬೇಡಿ. ಪರೀಕ್ಷಕರಲ್ಲಿ ಕಲಿಸಿದವರು ಒಬ್ಬರೂ ಇರಬಾರದು, ಸುತ್ತಲಿನ ಕಾರ್ಖಾನೆಯ ಫೋರ್‌ಮನ್‌ಗಳು ಕೂರಲಿ.

ವಿದೇಶಿ ಪ್ರಮಾಣಪತ್ರ ಒಂದನ್ನೇ ನಂಬಬೇಡಿ. ರೈಲ್ವೆ, ವಿದ್ಯುತ್ ಕಂಪನಿಗಳ ನೇಮಕಾತಿಯಲ್ಲಿ ಕೇಳೋದು ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಐಟಿಐ ಪತ್ರ. ಜಗಳೂರಿನಿಂದ ಮಗನನ್ನು ಕಳಿಸುವ ತಂದೆ ಮೊದಲು ಕೇಳೋದೂ ಅದೇ. ಡಿಜಿಟಿ (ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ) ಮಾನ್ಯತೆಯ ಟ್ರೇಡ್ ಮೇಲೆ ಸಹಭಾಗಿಯ ಪಠ್ಯವನ್ನು ಹೆಚ್ಚುವರಿಯಾಗಿ ಕೂರಿಸಿ. ಐಟಿಐಗಳು ಕಾರ್ಖಾನೆ ಜೊತೆ ಒಪ್ಪಂದ ಮಾಡಿಕೊಂಡು ನಡೆಸಲು 2016ರಿಂದ ಡ್ಯುಯಲ್ ತರಬೇತಿ ಯೋಜನೆಯೂ ಇದೆ, ಅದೇ ಚೌಕಟ್ಟು ಬಳಸಿ. 'ಇಲ್ಲಿ ಕಲಿತರೆ ಜರ್ಮನಿ' ಅನ್ನೋ ಬ್ಯಾನರ್ ಹಾಕಲೇಬೇಡಿ. ಅಲ್ಲಿಗೆ ಹೋಗಲು ಭಾಷೆ, ವಿದ್ಯಾರ್ಹತೆಯ ಮಾನ್ಯತೆ, ವೀಸಾ ಎಲ್ಲ ಬೇರೆ ಬೇರೆ ಮೆಟ್ಟಿಲು. ಸುಳ್ಳು ಆಸೆ ತೋರಿಸಿ ಸೇರಿಸಿದ ಮಗು ಎರಡನೇ ವರ್ಷ ಬಿಟ್ಟುಹೋಗುತ್ತೆ.

ಹರಿಹರ_ಲೇತ್

ಕಾರ್ಖಾನೆಗಳ ಲೆಕ್ಕ ಕಣ್ಣು ತೆರೆಸಿತು. ತರಬೇತುದಾರರ ಬಗ್ಗೆ ಹೇಳಿ. ಇಬ್ಬರನ್ನು 3 ತಿಂಗಳು ಅಲ್ಲಿಗೆ ಕರೆಸ್ಕೊಳ್ತಾರಂತೆ.

ಗೇಜ್_20ಡಿಗ್ರಿ

ಅವರನ್ನು ಅಲ್ಲಿಗೆ ಕಳಿಸೋದಕ್ಕಿಂತ ಅಲ್ಲಿನ ಒಬ್ಬ ಹಿರಿಯ ಮೈಸ್ಟರ್ (ಪಳಗಿದ ಕುಶಲಕರ್ಮಿ ಗುರು) ಇಲ್ಲಿಗೆ ವರ್ಷಕ್ಕೆ ಮೂರು ಸಲ, ಮೂರು ಮೂರು ವಾರ ಬರೋದು ಹೆಚ್ಚು ಫಲ ಕೊಡುತ್ತೆ. ಅಲ್ಲಿ ಕಲಿತದ್ದು ಅಲ್ಲಿನ ಯಂತ್ರದ ಮೇಲೆ, ಅಲ್ಲಿನ ಟೂಲ್ ಕ್ರಿಬ್ಬಿನಲ್ಲಿ. ಇಲ್ಲಿಗೆ ಬಂದರೆ ಮೊದಲ ವಾರವೇ ಫೈಲ್ ಹಲ್ಲು ತುಂಬಿದೆ, ವೈಸ್ ದವಡೆ ಸವೆದಿದೆ ಅಂತ ತೋರಿಸ್ತಾನೆ. ಟ್ರೇಡ್‌ಗೆ ಒಬ್ಬರನ್ನೇ ತಯಾರು ಮಾಡಬೇಡಿ, ಇಬ್ಬರು. ಬಾಂಡ್ ಬರೆಸಿ ಕಟ್ಟಿಹಾಕಬಹುದು ಅಂತ ಎಲ್ಲರೂ ತಿಳಿದಿದ್ದಾರೆ, ನಿಲ್ಲಿಸೋದು ಸಂಬಳ. ಕಾರ್ಖಾನೆಯ ಸೂಪರ್‌ವೈಸರ್‌ಗೆ ಸಿಗುವಷ್ಟು ಕೊಡದಿದ್ದರೆ ತರಬೇತಿ ಪಡೆದವನು ಬೆಂಗಳೂರಿಗೆ ಹೋಗ್ತಾನೆ, ಅವನ ತಪ್ಪೂ ಅಲ್ಲ.

ಪಠ್ಯ ಕನ್ನಡದಲ್ಲಿ ಆಗಬೇಕು. ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದ ಮಕ್ಕಳೇ ಹೆಚ್ಚು. ಆದರೆ ಹೊಸ ಪದ ಹುಟ್ಟಿಸಬೇಡಿ. ಶಾಪ್‌ನಲ್ಲಿ ಹೇಳೋ ಡಯಲ್, ಚಕ್, ಬರ್, ಟಾಲರೆನ್ಸ್ ಹಾಗೇ ಇರಲಿ, ವಾಕ್ಯ ಕನ್ನಡದಲ್ಲಿರಲಿ. ಕೆಲಸದ ಹಾಳೆ ಎಡಕ್ಕೆ ಚಿತ್ರ, ಬಲಕ್ಕೆ ಆರೇಳು ಸಾಲು. ಅನುವಾದದ ಹಕ್ಕು ನಿಮಗಿದೆ ಅಂತ ಒಪ್ಪಂದದಲ್ಲಿ ಬರೆಸಿ, ಸಹಭಾಗಿತ್ವ ಮುಗಿದ ಮೇಲೂ ಆ ಹಾಳೆ ಬಳಸುವ ಹಕ್ಕೂ ಸೇರಿ. ಇಲ್ಲದಿದ್ದರೆ 5ನೇ ವರ್ಷ ಕೈಯಲ್ಲಿ ಏನೂ ಉಳಿಯಲ್ಲ.

ಡ್ರಾಯಿಂಗ್ ಪ್ರೊಜೆಕ್ಷನ್ (ವಸ್ತುವಿನ ಯಾವ ಬದಿಯ ನೋಟ ಹಾಳೆಯಲ್ಲಿ ಎಲ್ಲಿ ಬರುತ್ತೆ ಅನ್ನೋ ಕ್ರಮ) ಕೂಡ ನೋಡಿ. ಜರ್ಮನಿ, ಭಾರತ ಎರಡೂ ಫಸ್ಟ್ ಆಂಗಲ್, ತೊಂದರೆ ಇಲ್ಲ. ಜಪಾನ್, ಅಮೆರಿಕದ ಹಾಳೆ ಥರ್ಡ್ ಆಂಗಲ್. ಎರಡೂ ಬೆರೆಸಿ ಕೊಟ್ಟರೆ ಎಡಗಡೆ ಹಾಕಬೇಕಾದ ರಂಧ್ರ ಬಲಗಡೆ ಬೀಳುತ್ತೆ.

ಅಳತೆ ಕೋಣೆಗೆ ಎಸಿ ಐಷಾರಾಮ ಅಲ್ಲ. ಅಳತೆಯ ಮೂಲ ಉಷ್ಣತೆ 20 ಡಿಗ್ರಿ. ಉಕ್ಕು ಡಿಗ್ರಿಗೆ ಮೀಟರಿಗೆ 11.5 ಮೈಕ್ರಾನ್ ಹಿಗ್ಗುತ್ತೆ. ನಮ್ಮ ಏಪ್ರಿಲ್‌ನ ಶೆಡ್‌ನಲ್ಲಿ 32 ಡಿಗ್ರಿ ಅಂತ ಸೌಮ್ಯವಾಗೇ ಹಿಡಿಯಿರಿ, 100 ಮಿಮೀ ಉದ್ದದ ತುಂಡು 14 ಮೈಕ್ರಾನ್ ಹೆಚ್ಚು ಇರುತ್ತೆ, ಅಲ್ಯೂಮಿನಿಯಂ ಆದರೆ 28. 30 ಮಿಮೀ ಶಾಫ್ಟ್‌ಗೆ h7 (ಸಣ್ಣ ಎಚ್) ಟಾಲರೆನ್ಸ್ ಒಟ್ಟು 21 ಮೈಕ್ರಾನ್ ಅಂತ ನೆನಪಿಟ್ಟು ನೋಡಿ. ಉಕ್ಕಿನ ಮೈಕ್ರೋಮೀಟರೂ ಅದೇ ಬಿಸಿಯಲ್ಲಿದ್ದರೆ ವ್ಯತ್ಯಾಸ ಹೆಚ್ಚುಕಡಿಮೆ ಸರಿಹೋಗುತ್ತೆ. ಕೆಡೋದು ಯಾವಾಗ ಅಂದರೆ, ಈಗಷ್ಟೇ ಟರ್ನ್ ಮಾಡಿದ ಬಿಸಿ ತುಂಡನ್ನು ಎಸಿ ಕೋಣೆಗೆ ತಂದು ತಕ್ಷಣ ಅಳೆದಾಗ. ಗ್ರಾನೈಟ್ ಮೇಜಿನ ಪಕ್ಕ ಒಂದು ಅಲ್ಯೂಮಿನಿಯಂ ಹಲಗೆ ಇಡಿ, ಅದರ ಮೇಲೆ ಅರ್ಧ ಗಂಟೆ ಕೂತ ತುಂಡನ್ನು ಮಾತ್ರ ಅಳೆಯಲಿ. ಈ ಒಂದು ಕಟ್ಟಳೆ ಕಲಿತ ಹುಡುಗನನ್ನು ಯಾವ ಕ್ವಾಲಿಟಿ ವಿಭಾಗವೂ ಬಿಡಲ್ಲ.

ಕಿಡಿ_ವೆಲ್ಡರ್

ಹಾಸ್ಟೆಲ್ ಬಗ್ಗೆ ಒಂದು ಸಾಲು. ಹೆಣ್ಣುಮಕ್ಕಳ ಹಾಸ್ಟೆಲ್ ಮೊದಲ ಹಂತದಲ್ಲೇ ಕಟ್ಟಿ. ಸಂಜೆ 6ರ ಮೇಲೆ ಜಗಳೂರು, ಮೊಳಕಾಲ್ಮೂರು, ಚನ್ನಗಿರಿ ಹಳ್ಳಿಗಳಿಗೆ ಬಸ್ ಸಿಗೋದು ಕಷ್ಟ. ಶಾಪ್ ಕೆಲಸ ಮುಗಿಯೋದೇ ಐದೂವರೆಗೆ.

ಹರಿಹರ_ಲೇತ್

ಟ್ರಸ್ಟ್‌ನವರಿಗೆ ಇದನ್ನೆಲ್ಲ ಕಳಿಸಿದೆ. ಮೊದಲ ವರ್ಷ ಮೇಂಟೆನೆನ್ಸ್ ಟ್ರೇಡ್ ಒಂದೇ, 20 ಮಕ್ಕಳು, ಅದಕ್ಕೂ ಮೊದಲು ಕಾರ್ಖಾನೆಗಳ ಭೇಟಿ ಅಂತ ಒಪ್ಪಿದ್ದಾರೆ. ಆದರೂ 4 ಯಂತ್ರದಲ್ಲಿ ಎರಡನ್ನಾದರೂ ತರಿಸೋಣ ಅಂತಾರೆ. ತರಿಸೋದಾದರೆ ಅಲ್ಲಿಂದ ಹೊರಡೋ ಮೊದಲು ಏನು ನೋಡಬೇಕು?

ಕರೆಂಟ್_ದುರ್ಗ

ಯಂತ್ರಕ್ಕೆ ಕರೆಂಟ್ ಇರುವಾಗಲೇ ನೋಡಿ, ಬಿಚ್ಚಿಟ್ಟದ್ದನ್ನು ಒಪ್ಪಬೇಡಿ. ಸ್ಪಿಂಡಲ್ ಅರ್ಧ ಗಂಟೆ ಮುಕ್ಕಾಲು ವೇಗದಲ್ಲಿ ಓಡಿಸಿ ಬೇರಿಂಗ್ ಮನೆಯ ಬಿಸಿ, ಸದ್ದು. ಪ್ರತಿ ಆಕ್ಸಿಸ್‌ಗೆ ಡಯಲ್ ಇಟ್ಟು ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸಿದಾಗಿನ ಸಡಿಲ). ಒಂದು ಟೆಸ್ಟ್ ಪೀಸ್ ಕತ್ತರಿಸಿ ಅದರ ಅಳತೆ ಹಾಳೆ. ಕಂಟ್ರೋಲರ್ ಯಾವುದು, ಅದರ ಬಿಡಿಭಾಗ ಬೆಂಗಳೂರಿನಲ್ಲಿ ಸಿಗುತ್ತಾ ಅಂತ ಮೊದಲೇ ಕೇಳಿ. ಎಲೆಕ್ಟ್ರಿಕಲ್ ಡ್ರಾಯಿಂಗ್ ಪುಸ್ತಕ ಇಲ್ಲದ ಯಂತ್ರ ಪುಕ್ಕಟೆ ಆದರೂ ಬೇಡ.

ಪ್ಯಾಕ್ ಮಾಡುವಾಗ ಕೂಲೆಂಟ್ ಪೂರ್ತಿ ಖಾಲಿ, ಟೇಬಲ್ಲು-ಹೆಡ್ಡಿಗೆ ಸಾಗಣೆ ಕ್ಲಾಂಪ್, ಸ್ಲೈಡ್‌ಗಳಿಗೆ ತುಕ್ಕುನಿರೋಧಕ, ಡೆಸಿಕ್ಯಾಂಟ್ ಚೀಲದ ಜೊತೆ ಗಾಳಿ ತೆಗೆದ ಫಾಯಿಲ್ ಹೊದಿಕೆ. 20 ಅಡಿ ಕಂಟೇನರಿನ ಬಾಗಿಲ ಎತ್ತರ ಸುಮಾರು 2.28 ಮೀಟರ್, ಯಂತ್ರ ಅದಕ್ಕಿಂತ ಎತ್ತರ ಇದ್ದರೆ ಓಪನ್ ಟಾಪ್ (ಮೇಲೆ ತೆರೆದ) ಕಂಟೇನರ್ ಹೇಳಿ.

ಎಲ್ಲಕ್ಕಿಂತ ಮುಖ್ಯ ಬ್ಯಾಟರಿ. ಹಳೇ ಕಂಟ್ರೋಲರ್‌ಗಳಲ್ಲಿ ಪ್ಯಾರಾಮೀಟರ್ (ಯಂತ್ರದ ಸೆಟ್ಟಿಂಗ್) ಉಳಿಯೋದು ಒಂದು ಸಣ್ಣ ಲಿಥಿಯಂ ಬ್ಯಾಟರಿ ಮೇಲೆ, ಆಕ್ಸಿಸ್‌ನ ಸೊನ್ನೆ ಜಾಗ ಉಳಿಯೋದು ಎನ್‌ಕೋಡರ್ ಬ್ಯಾಟರಿ ಮೇಲೆ. ಹಡಗು, ಕಸ್ಟಮ್ಸ್, ನಮ್ಮ 28 ದಿನದ ಫೌಂಡೇಶನ್, ಬೆಸ್ಕಾಂ ಲೈನು ಎಲ್ಲ ಸೇರಿ ಆರೇಳು ತಿಂಗಳು ಯಂತ್ರ ಕರೆಂಟ್ ಕಾಣಲ್ಲ. ಆ ನಡುವೆ ಬ್ಯಾಟರಿ ಸತ್ತರೆ ಆನ್ ಮಾಡಿದಾಗ ಬರೋದು ಅಲಾರಂ ತುಂಬಿದ ಖಾಲಿ ಪರದೆ. ಹೊರಡುವ ಮೊದಲು, ಯಂತ್ರ ಆನ್ ಇದ್ದಾಗಲೇ ಎರಡೂ ಬ್ಯಾಟರಿ ಹೊಸದು ಹಾಕಿಸಿ. ಆಫ್ ಮಾಡಿ ಬದಲಿಸಿದರೆ ಅದೇ ಕ್ಷಣ ಎಲ್ಲ ಅಳಿಸಿಹೋಗಬಹುದು. ಪ್ಯಾರಾಮೀಟರ್, ಲ್ಯಾಡರ್ (ಯಂತ್ರದ ನಿಯಂತ್ರಣ ಪ್ರೋಗ್ರಾಂ), ಪಿಚ್ ಕಾಂಪೆನ್ಸೇಶನ್ (ಸ್ಕ್ರೂ ತಪ್ಪು ಸರಿಪಡಿಸುವ ಅಂಕಿ) ಮೂರನ್ನೂ ಕಾರ್ಡಿಗೆ ತೆಗೆಸಿ, ಒಂದು ಪ್ರತಿ ಅಲ್ಲಿ, ಒಂದು ನಿಮ್ಮ ಮೇಲ್‌ನಲ್ಲಿ. ಜೊತೆಗೆ ಪ್ಯಾರಾಮೀಟರ್ ಪುಟಗಳನ್ನು ಕಾಗದಕ್ಕೆ ಪ್ರಿಂಟ್ ಹಾಕಿಸಿ ಎಲೆಕ್ಟ್ರಿಕಲ್ ಕ್ಯಾಬಿನೆಟ್ ಬಾಗಿಲ ಒಳಗಿನ ಚೀಲದಲ್ಲಿ ಇಡಿಸಿ.